'ಬಿಡ್ತು ಅನ್ನು' ಎನ್ನುವ ಮುನ್ನ
(ಪವಿತ್ರ ಕುಟುಂಬದ ಹಬ್ಬಕ್ಕೆ ಒಂದು ಚಿಂತನೆ)

ಕ್ರಿಸ್ತಜಯಂತಿಯ ಸಂಭ್ರಮ ಇನ್ನೂ ಮನೆಯಲ್ಲಿರುವಾಗಲೇ ಧರ್ಮಸಭೆ ನಮ್ಮ ಮುಂದೆ ಪವಿತ್ರ ಕುಟುಂಬದ ಹಬ್ಬವನ್ನು ತಂದಿಡುತ್ತದೆ. ನಾವೆಲ್ಲ ಗೋದಲಿಯ ಕಡೆ ನೋಡುತ್ತೇವೆ. ಅಲ್ಲಿ ಹಸುಗೂಸು ಇದೆ, ಎಳೆಯ ವಯಸ್ಸಿನ ತಾಯಿ ಇದ್ದಾರೆ, ದುಡಿಯುವ ತಂದೆ ಇದ್ದಾರೆ. ಆದರೆ ಈ ಹಬ್ಬದ ಮೊದಲ ವಾಚನವಾಗಿ ಓದುವ ಸಿರಾಖನ ಗ್ರಂಥದ ಮೂರನೆಯ ಅಧ್ಯಾಯ ನಮ್ಮನ್ನು ಕುಟುಂಬದ ಇನ್ನೊಂದು ತುದಿಗೆ ಕರೆದೊಯ್ಯುತ್ತದೆ. ಅಲ್ಲಿ ಮುದಿಯಾದ ತಂದೆ ಇದ್ದಾನೆ. ಅವನ ಬುದ್ಧಿ ಮಂದವಾಗಿದೆ. ಮಗನೋ ಮೈಯಲ್ಲಿ ಕಸುವು ತುಂಬಿದವನು. ಆ ಕಸುವಿನ ಗರ್ವದಿಂದ ತಂದೆಯನ್ನು ಕೀಳಾಗಿ ಕಾಣಬೇಡ, ಅವನಿಗೆ ತಾಳ್ಮೆಯಿಂದ ಆಸರೆಯಾಗು ಎಂಬುದು ಆ ಜ್ಞಾನಿಯ ಬುದ್ಧಿವಾದ (ಸಿರಾಖ 3:12-13).

ಪ್ರಿಯರೇ, ನಾವು ಚಿಕ್ಕಂದಿನಿಂದ ಕಲಿತ ದೇವರ ಹತ್ತು ಕಟ್ಟಳೆಗಳಲ್ಲಿ ನಾಲ್ಕನೆಯದು ತಂದೆತಾಯಿಯನ್ನು ಗೌರವಿಸಬೇಕೆನ್ನುತ್ತದೆ. ಅದನ್ನು ನಾವು ಮಕ್ಕಳಿಗೆ ಹೇಳಿಕೊಡುವ ಪಾಠವೆಂದೇ ತಿಳಿದಿದ್ದೇವೆ. ಸಿರಾಖನಾದರೋ ಅದನ್ನು ಬೆಳೆದ ಮಕ್ಕಳಿಗೆ ಹೇಳುತ್ತಾನೆ. ಐವತ್ತು ದಾಟಿದ ಮಗ, ಎಂಬತ್ತು ದಾಟಿದ ಅಪ್ಪ, ಇವರಿಬ್ಬರ ನಡುವೆ ಈ ಕಟ್ಟಳೆ ಹೇಗೆ ನಡೆಯಬೇಕು? ಇದನ್ನು ಅರಿಯಲು ದೂರದೇಶದ ಒಂದು ಪುಸ್ತಕ ನಮಗೆ ಸಹಾಯ ಮಾಡುತ್ತದೆ.

ಚಿತ್ರಗಳಲ್ಲಿ ಬರೆದ ಒಂದು ಮನೆಯ ಕಥೆ

ಅಮೆರಿಕದ ರಾಝ್ ಚಾಸ್ಟ್ ಹೆಸರಾಂತ ವ್ಯಂಗ್ಯಚಿತ್ರಕಾರ್ತಿ. 1978ರಿಂದ 'ದ ನ್ಯೂಯಾರ್ಕರ್' ವಾರಪತ್ರಿಕೆಗೆ ಅವರು ಚಿತ್ರ ಬರೆಯುತ್ತಾ ಬಂದಿದ್ದಾರೆ. 2014ರಲ್ಲಿ ಅವರ ಒಂದು ಆತ್ಮಕಥನ ಹೊರಬಂತು. ಹೆಸರು 'ಕಾಂಟ್ ವೀ ಟಾಕ್ ಅಬೌಟ್ ಸಮ್‌ಥಿಂಗ್ ಮೋರ್ ಪ್ಲೆಸೆಂಟ್?' ಇದಕ್ಕಿಂತ ಹಿತವಾದ ಬೇರೆ ವಿಷಯ ಮಾತನಾಡಬಾರದೇ, ಎಂದು ಅದರ ಅರ್ಥ. ಮಕ್ಕಳ ಚಿತ್ರಕಥೆಯ ಹಾಗೆ ಚೌಕಗಳಲ್ಲಿ ಚಿತ್ರ, ಚಿತ್ರದೊಳಗೆ ಮಾತು. ಆದರೆ ವಿಷಯ ಮಾತ್ರ ಮಕ್ಕಳದಲ್ಲ. ತಮ್ಮ ತಂದೆತಾಯಿಯ ಕೊನೆಯ ವರ್ಷಗಳನ್ನು ಮಗಳು ಇಲ್ಲಿ ನಗುತ್ತ, ಅಳುತ್ತ, ಏನನ್ನೂ ಮುಚ್ಚಿಡದೆ ಹೇಳಿದ್ದಾರೆ. ಆ ವರ್ಷದ ಕರ್ಕಸ್ ಪ್ರಶಸ್ತಿಯೂ, ಅಮೆರಿಕದ ರಾಷ್ಟ್ರೀಯ ಪುಸ್ತಕ ವಿಮರ್ಶಕರ ವಲಯದ ಆತ್ಮಕಥೆ ವಿಭಾಗದ ಪ್ರಶಸ್ತಿಯೂ ಈ ಪುಸ್ತಕಕ್ಕೆ ಬಂದವು.

ತಂದೆ ಜಾರ್ಜ್, ತಾಯಿ ಎಲಿಜಬೆತ್. ಇಬ್ಬರೂ 1912ರಲ್ಲಿ ಹತ್ತು ದಿನಗಳ ಅಂತರದಲ್ಲಿ ಹುಟ್ಟಿದವರು. ಐದನೆಯ ತರಗತಿಯಲ್ಲಿ ಒಂದೇ ಕೊಠಡಿಯಲ್ಲಿ ಕಲಿತವರು. ರಷ್ಯಾದಿಂದ ವಲಸೆ ಬಂದ ಬಡ ಯೆಹೂದಿ ಮನೆತನಗಳ ಮಕ್ಕಳು. ತಂದೆ ಪ್ರೌಢಶಾಲೆಯಲ್ಲಿ ಭಾಷೆಗಳನ್ನು ಕಲಿಸುತ್ತಿದ್ದರು, ತಾಯಿ ಪ್ರಾಥಮಿಕ ಶಾಲೆಯ ಉಪಮುಖ್ಯೋಪಾಧ್ಯಾಯಿನಿ. ತಂದೆ ಅಂಜುಬುರುಕರು, ಮೃದು ಮನಸ್ಸಿನವರು. ತಾಯಿಯದೇ ಮನೆಯಲ್ಲಿ ಆಡಳಿತ. ಅವರ ಕೋಪಕ್ಕೆ ಗಂಡನೂ ಮಗಳೂ ಹೆದರುತ್ತಿದ್ದರು. ಮೊದಲ ಹೆಣ್ಣುಮಗು ಹುಟ್ಟಿದ ಸ್ವಲ್ಪದರಲ್ಲೇ ತೀರಿಕೊಂಡಿತ್ತು. ಬಹಳ ವರ್ಷಗಳ ನಂತರ 1954ರಲ್ಲಿ ಹುಟ್ಟಿದ ರಾಝ್ ಅವರೇ ಉಳಿದ ಒಬ್ಬಳೇ ಮಗಳು.

ಮಗಳು ಮದುವೆಯಾಗಿ, ಮಕ್ಕಳಾಗಿ, ಪಕ್ಕದ ಕನೆಕ್ಟಿಕಟ್ ರಾಜ್ಯಕ್ಕೆ ಹೋಗಿ ನೆಲೆಸಿದರು. ಬಹಳ ವರ್ಷ ಬ್ರೂಕ್ಲಿನ್‌ನ ತವರುಮನೆಯ ಕಡೆ ತಲೆ ಹಾಕಲಿಲ್ಲ. 2001ರ ಸೆಪ್ಟೆಂಬರ್‌ನಲ್ಲಿ ಹೋಗಿ ನೋಡಿದರೆ ಎಲ್ಲದರ ಮೇಲೂ ಜಿಡ್ಡು, ಧೂಳು. ತಂದೆತಾಯಿ ಮುದುಕರಾಗಿದ್ದಾರೆ, ಮನೆ ನೋಡಿಕೊಳ್ಳುವ ಶಕ್ತಿ ಇಲ್ಲವಾಗಿದೆ ಎಂಬುದು ಆ ಜಿಡ್ಡಿನಿಂದ ಮಗಳಿಗೆ ತಿಳಿಯಿತು. ಮುಂದೇನು, ನಿಮ್ಮ ಇಷ್ಟವೇನು ಎಂದು ಕೇಳಲು ಹೋದಾಗಲೆಲ್ಲ ಅವರು ಮಾತು ಮರೆಸಿಬಿಡುತ್ತಿದ್ದರು. ಪುಸ್ತಕಕ್ಕೆ ಹೆಸರು ಬಂದದ್ದು ಅದರಿಂದಲೇ.

ಅವರು ಮಾತನಾಡಲಿಲ್ಲವೆಂದು ಮುಪ್ಪು ನಿಲ್ಲಲಿಲ್ಲ. ತೊಂಬತ್ತು ದಾಟಿದ ತಾಯಿ ಏಣಿಯಿಂದ ಬಿದ್ದರು, ಮುಂದೆ ಆಸ್ಪತ್ರೆ ಸೇರಿದರು. ಆಗ ತಂದೆಯನ್ನು ಮಗಳು ತನ್ನ ಮನೆಗೆ ಕರೆತಂದರು. ಹೆಂಡತಿ ಜೊತೆಯಲ್ಲಿದ್ದಷ್ಟು ದಿನ ಮರೆಯಾಗಿದ್ದ ತಂದೆಯ ಮರೆವು ಆಗ ಬಯಲಾಯಿತು. ಹೆಂಡತಿ ಎಲ್ಲಿ ಎಂದು ಮತ್ತೆ ಮತ್ತೆ ಕೇಳುವರು. ಬ್ಯಾಂಕಿನ ಹಳೆಯ ಪಾಸ್‌ಬುಕ್ಕುಗಳನ್ನು ಯಾರೋ ಕದಿಯುತ್ತಾರೆಂದು ಹಗಲೂ ರಾತ್ರಿ ಚಡಪಡಿಸುವರು. ಕೊನೆಗೆ ಇಬ್ಬರನ್ನೂ ಮಗಳ ಮನೆಗೆ ಹತ್ತಿರದ, ವೃದ್ಧರನ್ನು ನೋಡಿಕೊಳ್ಳುವ ವಸತಿಗೃಹವೊಂದಕ್ಕೆ ಸೇರಿಸಬೇಕಾಯಿತು. ತಂದೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು, ಮತ್ತೆ ಚೇತರಿಸಿಕೊಳ್ಳದೆ 2007ರಲ್ಲಿ ತೀರಿಕೊಂಡರು. ಇನ್ನೇನು ಹೊರಟೇಬಿಟ್ಟರು ಎಂದುಕೊಂಡಿದ್ದ ತಾಯಿ ಒಂದು ದಿನ ಎದ್ದು ಕುಳಿತು ಊಟ ಮಾಡತೊಡಗಿದರು! ಅವರು ಹೋದದ್ದು 2009ರಲ್ಲಿ, 97ರ ವಯಸ್ಸಿನಲ್ಲಿ.

ಮಾತು ಏಕೆ ಬಾಯಿಗೆ ಬರುವುದಿಲ್ಲ?

ಇದೆಲ್ಲ ಅಮೆರಿಕದ ಮಾತಾಯಿತು, ನಮ್ಮಲ್ಲಿ ಹಾಗಲ್ಲ ಎನ್ನುವವರೂ ಇರಬಹುದು. ನಮ್ಮಲ್ಲಿ ಸಾವಿನ ಮಾತು ಬಂದರೆ ಏನು ಹೇಳುತ್ತೇವೆ? "ಬಿಡ್ತು ಅನ್ನು!" ಎನ್ನುತ್ತೇವೆ. ಹಬ್ಬದ ದಿನ ಅಪಶಕುನ ನುಡಿಯಬೇಡ ಎಂದು ಗದರಿಸುತ್ತೇವೆ. ಮಗ ಅಪ್ಪನನ್ನು ಕೇಳಲು ಹಿಂಜರಿಯುತ್ತಾನೆ. ಆಸ್ತಿಯ ಮೇಲೆ ಕಣ್ಣು ಹಾಕಿದ್ದಾನೆಂದು ಅವರು ತಿಳಿದುಕೊಂಡರೆ ಎಂಬ ಭಯ. ಅಪ್ಪ ಹೇಳಲು ಹಿಂಜರಿಯುತ್ತಾರೆ. ಮಕ್ಕಳ ಮನಸ್ಸು ನೊಂದರೆ, ನಾನು ಹೊರೆಯೆಂದು ಅವರಿಗೆ ಅನಿಸಿದರೆ ಎಂಬ ಭಯ. ಸೊಸೆಗೆ ಗೊತ್ತಿದ್ದರೂ ಬಾಯಿ ಬಿಡುವ ಅಧಿಕಾರವಿಲ್ಲ. ಪ್ರೀತಿ ಇರುವ ಮನೆಯಲ್ಲೂ ಹೀಗೆ ಎಲ್ಲರೂ ಸುಮ್ಮನಿರುತ್ತಾರೆ. ಕೊನೆಗೆ ಒಂದು ರಾತ್ರಿ ಐಸಿಯು ಬಾಗಿಲಲ್ಲಿ ವೈದ್ಯರು ವೆಂಟಿಲೇಟರ್ ಹಾಕೋಣವೇ ಎಂದು ಕೇಳುತ್ತಾರೆ. ಉತ್ತರ ಹೇಳಬೇಕಾದವರು ಪ್ರಜ್ಞೆ ಇಲ್ಲದೆ ಒಳಗೆ ಮಲಗಿದ್ದಾರೆ. ಹೊರಗೆ ನಿಂತ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆ ರಾತ್ರಿಯ ತೀರ್ಮಾನದ ಮೇಲೆ ಮುಂದೆ ಮನೆಗಳೇ ಒಡೆದುಹೋಗುವುದುಂಟು.

ಆದರೂ ಒಂದು ಸೋಜಿಗ ನೋಡಿ. ಬಿಡ್ತು ಅನ್ನುವ ನಾವೇ ಪ್ರತಿ ಸಂಜೆ ಜಪಸರ ಹಿಡಿಯುತ್ತೇವೆ. ಒಂದು ಜಪಸರದಲ್ಲಿ 53 ಬಾರಿ ನಮೋ ಮರಿಯಾ ಪ್ರಾರ್ಥನೆ ಹೇಳಿ, ನಮ್ಮ ಸಾವಿನ ಗಳಿಗೆಯಲ್ಲಿ ನಮಗಾಗಿ ಬೇಡಿಕೊಳ್ಳುವಂತೆ ದೇವಮಾತೆಯನ್ನು ಕೇಳಿಕೊಳ್ಳುತ್ತೇವೆ. ದೇವರ ಮುಂದೆ ದಿನವೂ ಧೈರ್ಯವಾಗಿ ಆಡುವ ಮಾತನ್ನು ಊಟದ ಮನೆಯಲ್ಲಿ ಒಮ್ಮೆಯೂ ಆಡಲಾರೆವೇ?

ಶಿಲುಬೆಯ ಮೇಲಿಂದ ಒಂದು ಏರ್ಪಾಡು

ಪ್ರಭು ಯೇಸು ಈ ಮಾತನ್ನು ತಪ್ಪಿಸಲಿಲ್ಲ. ತಮ್ಮ ಮರಣದ ವಿಷಯವನ್ನು ಶಿಷ್ಯರಿಗೆ ಮೊದಲೇ ಹೇಳಿದಾಗ, ಹಾಗಾಗದಿರಲಿ ಎಂದು ತಡೆಯಲು ಹೋದವನು ಪೇತ್ರ. ಅವನ 'ಬಿಡ್ತು ಅನ್ನು' ಎಂಬ ಮಾತನ್ನು ಪ್ರಭು ಗದರಿಸಿ ತಳ್ಳಿಹಾಕಿದರು (ಮತ್ತಾಯ 16:21-23). ಪುನರುತ್ಥಾನದ ನಂತರ ಅದೇ ಪೇತ್ರನಿಗೆ, ನೀನು ಮುದುಕನಾದಾಗ ಕೈಚಾಚುವೆ, ಬೇರೊಬ್ಬನು ನಿನ್ನ ನಡುಕಟ್ಟಿ ನಿನಗೆ ಇಷ್ಟವಿಲ್ಲದ ಕಡೆ ಕರೆದೊಯ್ಯುವನು ಎಂಬರ್ಥದ ಮಾತು ಹೇಳಿದರು (ಯೊವಾನ್ನ 21:18). ಅದು ಪೇತ್ರನ ರಕ್ತಸಾಕ್ಷಿ ಮರಣವನ್ನು ಕುರಿತದ್ದೆಂದು ಶುಭಸಂದೇಶಕಾರರೇ ತಿಳಿಸುತ್ತಾರೆ. ಆದರೂ ಇನ್ನೊಬ್ಬರ ಕೈಯಿಂದ ಬಟ್ಟೆ ತೊಡಿಸಿಕೊಳ್ಳುವ ವೃದ್ಧರು ಈ ವಾಕ್ಯ ಕೇಳಿದಾಗ ತಮ್ಮದೇ ಸ್ಥಿತಿಯನ್ನು ಅದರಲ್ಲಿ ಕಾಣುತ್ತಾರೆ.

ಶಿಲುಬೆಯ ಮೇಲೆ ಉಸಿರಾಡುವುದೇ ಕಷ್ಟವಾಗಿದ್ದಾಗ ಪ್ರಭು ತಮ್ಮ ತಾಯಿಯನ್ನು ನೆನೆದರು. ತಾಯಿಯನ್ನು ಪ್ರಿಯ ಶಿಷ್ಯನಿಗೂ, ಶಿಷ್ಯನನ್ನು ತಾಯಿಗೂ ಒಪ್ಪಿಸಿದರು. ಅಂದಿನಿಂದ ಆ ಶಿಷ್ಯ ಆಕೆಯನ್ನು ತನ್ನ ಮನೆಯಲ್ಲಿ ಇರಿಸಿಕೊಂಡ (ಯೊವಾನ್ನ 19:26-27). ಇದರ ಆಧ್ಯಾತ್ಮಿಕ ಅರ್ಥ ಆಳವಾದುದು, ಮಾತೆ ಮರಿಯಮ್ಮನವರು ನಮ್ಮೆಲ್ಲರ ತಾಯಿಯಾದರು. ಜೊತೆಗೆ ಅದು ಒಬ್ಬ ಮಗ ಮಾಡಿದ ಮನೆಯ ಏರ್ಪಾಡೂ ಹೌದು. ಅಮ್ಮ ಮುಂದೆ ಎಲ್ಲಿರಬೇಕು, ಯಾರ ಜೊತೆ ಇರಬೇಕು ಎಂಬುದನ್ನು ಇಬ್ಬರ ಎದುರಿಗೂ ಬಾಯಿಬಿಟ್ಟು ಹೇಳಿದರು.

ಖರ್ಚಿನ ಮಾತೂ ಶುಭಸಂದೇಶದಲ್ಲಿದೆ. ತಂದೆತಾಯಿಗೆ ಸಲ್ಲಬೇಕಾದುದನ್ನು ದೇವರಿಗೆ ಮುಡಿಪಾಗಿಟ್ಟಿದ್ದೇನೆಂದು ಹೇಳಿ ಕೈತೊಳೆದುಕೊಳ್ಳುವವರನ್ನು ಪ್ರಭು ಕಟುವಾಗಿ ಖಂಡಿಸಿದರು (ಮಾರ್ಕ 7:9-13). ದೇವಾಲಯಕ್ಕೆ ದೊಡ್ಡ ಕಾಣಿಕೆ ಕೊಟ್ಟು ಮನೆಯಲ್ಲಿರುವ ತಾಯಿಯ ಔಷಧಿಗೆ ಲೆಕ್ಕ ಹಾಕುವವರು ಈ ವಚನವನ್ನು ಓದಿಕೊಳ್ಳಲಿ.

ಧರ್ಮಸಭೆ ಏನು ಕಲಿಸುತ್ತದೆ?

ಈ ವಿಷಯದಲ್ಲಿ ನಮ್ಮ ಜನರಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಕ್ರೈಸ್ತರಾದವರು ಕೊನೆಯ ಉಸಿರಿನವರೆಗೆ ಎಲ್ಲ ಯಂತ್ರಗಳನ್ನೂ ಹಾಕಿಸಲೇಬೇಕು ಎಂಬುದು ಒಂದು. ನರಳುವುದಕ್ಕಿಂತ ಬೇಗ ಮುಗಿಸಿಬಿಡುವುದೇ ಕರುಣೆ ಎಂಬುದು ಇನ್ನೊಂದು. ಎರಡೂ ಧರ್ಮಸಭೆಯ ಬೋಧನೆಯಲ್ಲ.

ದಯಾಮರಣ ಎಂಬ ಹೆಸರಿನಲ್ಲಿ ರೋಗಿಯ ಪ್ರಾಣ ತೆಗೆಯುವುದು ಯಾವ ಕಾರಣಕ್ಕೂ ಸಲ್ಲದು. ಆದರೆ ಭಾರವಾದ, ಅಪಾಯಕರವಾದ, ಸಿಗಬಹುದಾದ ಫಲಕ್ಕೆ ತಕ್ಕುದಲ್ಲದ ಚಿಕಿತ್ಸೆಯನ್ನು ಬೇಡವೆನ್ನಬಹುದು. ಹಾಗೆ ಬೇಡವೆನ್ನುವಾಗ ನಾವು ಸಾವನ್ನು ಬರಮಾಡುವುದಿಲ್ಲ, ಅದನ್ನು ತಡೆಯಲಾರೆವೆಂದು ಒಪ್ಪಿಕೊಳ್ಳುತ್ತೇವೆ ಎಂದು ಧರ್ಮೋಪದೇಶ ಗ್ರಂಥ ತಿಳಿಸುತ್ತದೆ (ಸಂಖ್ಯೆ 2278). ಇದು ಇತ್ತೀಚಿನ ಸಡಿಲಿಕೆಯೇನೂ ಅಲ್ಲ. 12ನೆಯ ಪಿಯುಸ್ ಜಗದ್ಗುರುಗಳು 1957ರಲ್ಲೇ ವೈದ್ಯರಿಗೆ ಇದನ್ನು ವಿವರಿಸಿದ್ದರು. ಏನೇ ಆದರೂ ನಿಲ್ಲಿಸಬಾರದ ಆರೈಕೆಯೊಂದಿದೆ. ದೇಹ ಸ್ವೀಕರಿಸುವವರೆಗೆ ಅನ್ನ, ನೀರು; ಮೈ ಒರೆಸುವುದು, ಮಗ್ಗುಲು ಬದಲಿಸುವುದು, ನೋವು ತಗ್ಗಿಸುವುದು. ನೋವು ಶಮನದ ಔಷಧಿ ಕೊಡುವುದು ಪಾಪವಲ್ಲ. ಅಂಥ ಆರೈಕೆಯನ್ನು ಧರ್ಮಸಭೆ ಪ್ರೀತಿಯ ಸೇವೆಯೆಂದು ಕರೆದು ಪ್ರೋತ್ಸಾಹಿಸುತ್ತದೆ (ಸಂಖ್ಯೆ 2279). ಎರಡನೆಯ ಜಾನ್ ಪಾಲ್ ಜಗದ್ಗುರುಗಳು 2005ರ ಏಪ್ರಿಲ್ 2ರಂದು ಕಣ್ಣುಮುಚ್ಚಿದ್ದು ಆಸ್ಪತ್ರೆಯಲ್ಲಲ್ಲ, ತಮ್ಮ ನಿವಾಸದಲ್ಲಿ. ಸಂತ ಜೋಸೆಫರ ಬಗ್ಗೆ 2022ರ ಫೆಬ್ರವರಿ 9ರಂದು ಮಾತನಾಡಿದ ಪೋಪ್ ಫ್ರಾನ್ಸಿಸ್ ಜಗದ್ಗುರುಗಳೂ, ಮಾಡಬಹುದಾದುದೆಲ್ಲ ಮುಗಿದ ಮೇಲೆ ಫಲವಿಲ್ಲದ ಚಿಕಿತ್ಸೆಗೆ ಹಟ ಹಿಡಿಯುವುದು ಸರಿಯಲ್ಲವೆಂದು ಸ್ಪಷ್ಟಪಡಿಸಿದರು.

ಚಿಕಿತ್ಸೆ ಬೇಕೋ ಬೇಡವೋ ಎಂಬ ತೀರ್ಮಾನ ರೋಗಿಯದೇ. ಅವರಿಗೆ ಶಕ್ತಿಯಿಲ್ಲದಾಗ ಮನೆಯವರು ಅವರ ನ್ಯಾಯವಾದ ಇಷ್ಟವನ್ನು ಗೌರವಿಸಿ ತೀರ್ಮಾನಿಸಬೇಕು ಎಂದೂ ಅದೇ 2278ನೆಯ ಸಂಖ್ಯೆ ಹೇಳುತ್ತದೆ. ಆದರೆ ಅವರ ಇಷ್ಟವೇನೆಂದು ನಾವು ಕೇಳಿಯೇ ಇಲ್ಲದಿದ್ದರೆ ಗೌರವಿಸುವುದು ಏನನ್ನು? ಹಾಗಾಗಿ ಅವರು ಗಟ್ಟಿಯಾಗಿರುವಾಗಲೇ ಕೇಳಿ ತಿಳಿಯುವುದು ನಾಲ್ಕನೆಯ ಕಟ್ಟಳೆಯ ಒಂದು ಭಾಗವೇ ಸರಿ. ನಮ್ಮ ದೇಶದ ಕಾನೂನೂ ಈಗ ಇದಕ್ಕೆ ದಾರಿ ಮಾಡಿದೆ. ಇಂಥ ಇಷ್ಟವನ್ನು ಮುಂಚಿತವಾಗಿ ಬರೆದಿಡಬಹುದೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ತೀರ್ಪು ನೀಡಿತು. 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿ, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕೆಂದಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಇದರ ಜಾರಿಗೆ ಸುತ್ತೋಲೆ ಹೊರಡಿಸಿತು. ಬರೆಯುವ ಮುನ್ನ ಅದು ಧರ್ಮಸಭೆಯ ಬೋಧನೆಯೊಳಗೆ ಇದೆಯೇ ಎಂದು ನಿಮ್ಮ ಧರ್ಮಕೇಂದ್ರದ ಗುರುಗಳ ಬಳಿ ಕೇಳಿಕೊಳ್ಳಿ.

ಗುರುಗಳನ್ನು ಕರೆಯಲು ತಡಮಾಡಬೇಡಿ

ಇನ್ನೊಂದು ಮಾತು. ಗುರುಗಳು ಮನೆಗೆ ಬಂದರೆ ಅಜ್ಜಿ ಹೆದರಿಬಿಡುತ್ತಾರೆ ಎಂದು ಬಹಳ ಮನೆಗಳಲ್ಲಿ ಕೊನೆಯ ಗಳಿಗೆಯವರೆಗೆ ಕಾಯುತ್ತಾರೆ. ಅಭ್ಯಂಗ ಸಂಸ್ಕಾರವೆಂದರೆ ಸಾವಿನ ಮೊಹರು ಎಂಬ ಹಳೆಯ ಭಾವನೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಇದನ್ನು 'ರೋಗಿಗಳ ಅಭ್ಯಂಗ' ಎಂದು ಕರೆಯುವುದು ಮೇಲೆಂದಿತು. ಕಾಯಿಲೆಯಿಂದಲೋ ಮುಪ್ಪಿನಿಂದಲೋ ಪ್ರಾಣಕ್ಕೆ ಅಪಾಯ ತೋರತೊಡಗಿದಾಗಲೇ ಇದನ್ನು ಪಡೆಯಬಹುದು. ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನ ಪಡೆಯಬಹುದು. ನಿಶ್ಶಕ್ತಿ ಹೆಚ್ಚಾದರೆ ಮತ್ತೆಯೂ ಪಡೆಯಬಹುದು. ಹೊರಡುವವರ ನಿಜವಾದ ಕೊನೆಯ ಸಂಸ್ಕಾರ ದಾರಿಬುತ್ತಿಯಾಗಿ ಕೊಡುವ ಪರಮ ಪ್ರಸಾದ. ಪಾಪನಿವೇದನೆಗೆ ಬಾಯಿ ಬೇಕು, ಪರಮ ಪ್ರಸಾದ ನುಂಗಲು ಗಂಟಲು ಬೇಕು. ಎರಡೂ ಇರುವಾಗಲೇ ಗುರುಗಳಿಗೆ ಹೇಳಿ ಕಳುಹಿಸುವುದು ಮಕ್ಕಳು ಮಾಡಬಹುದಾದ ದೊಡ್ಡ ಸೇವೆ.

ಪ್ರೀತಿ ಬತ್ತಿದ ಕಡೆ ಗೌರವ

ರಾಝ್ ಚಾಸ್ಟ್ ಅವರ ಪುಸ್ತಕವನ್ನು ಓದಿದವರು ಮರೆಯದಿರುವುದು ಅವರ ಪ್ರಾಮಾಣಿಕತೆಯನ್ನು. ತಂದೆಯ ಮರೆವಿಗೆ ತಾಳ್ಮೆ ಕಳೆದುಕೊಂಡು ಕೂಗಾಡಿದ್ದನ್ನೂ, ತಂದೆತಾಯಿ ಜೀವಮಾನವಿಡೀ ಕೂಡಿಟ್ಟ ಹಣ ಆರೈಕೆಗೆ ಕರಗುವುದನ್ನು ನೋಡಿ ಒಳಗೊಳಗೇ ಲೆಕ್ಕ ಹಾಕಿ ನಾಚಿಕೊಂಡದ್ದನ್ನೂ ಅವರು ಮರೆಮಾಚಿಲ್ಲ. ತಾಯಿಯ ಜೊತೆಗಂತೂ ಅವರಿಗೆ ಎಂದೂ ಸಲಿಗೆ ಇರಲಿಲ್ಲ. ಕೊನೆಯ ದಿನಗಳಲ್ಲಿ ಒಮ್ಮೆ, ನಾವಿಬ್ಬರೂ ಇನ್ನಷ್ಟು ಸ್ನೇಹದಿಂದ ಇರಬಹುದಿತ್ತು ಎಂದು ತಾಯಿಯ ಮುಂದೆ ಹೇಳಿಕೊಂಡರು. ಬಯಸಿದ ಉತ್ತರ ತಾಯಿಯಿಂದ ಬರಲಿಲ್ಲ. ಮಗಳು ಹೊರಗೆ ಬಂದು ಕಾರಿನಲ್ಲಿ ಕುಳಿತು ಅತ್ತರು.

ನಮ್ಮ ಧರ್ಮಕೇಂದ್ರಗಳಲ್ಲೂ ಇಂಥ ಮಕ್ಕಳಿದ್ದಾರೆ. ಕುಡಿದು ಹೊಡೆದ ಅಪ್ಪನನ್ನು ಈಗ ಸ್ನಾನ ಮಾಡಿಸುವ ಮಗನಿದ್ದಾನೆ. ಅಣ್ಣನ ಮೇಲೆಯೇ ಪ್ರಾಣವಿಟ್ಟ ಅಮ್ಮನಿಗೆ ಈಗ ಗಂಜಿ ಕುಡಿಸುವ ಮಗಳಿದ್ದಾಳೆ. ಮನಸ್ಸಿನಲ್ಲಿ ಪ್ರೀತಿ ಉಕ್ಕುವುದಿಲ್ಲ, ನಾನೆಂಥ ಪಾಪಿ ಎಂದು ಅವರು ಕೊರಗುತ್ತಾರೆ. ಅವರಿಗೆ ನಾವು ಹೇಳಬಯಸುವುದು ಇಷ್ಟು: ಸಿರಾಖನು ಕೇಳಿದ್ದು ತಾಳ್ಮೆಯನ್ನು, ಆಸರೆಯನ್ನು, ಅವಮಾನ ಮಾಡದಿರುವುದನ್ನು. ಬೇಸರ ಬಂದಾಗಲೂ ಕೈ ಕೆಲಸ ಮಾಡಿದರೆ ಕಟ್ಟಳೆ ನೆರವೇರುತ್ತದೆ. ತಂದೆಗೆ ತೋರಿದ ದಯೆ ಮರೆತುಹೋಗದೆ ಪಾಪಗಳಿಗೆ ಪ್ರತಿಯಾಗಿ ನಿಲ್ಲುವುದೆಂದು ಅದೇ ಅಧ್ಯಾಯ ಭರವಸೆ ನೀಡುತ್ತದೆ (ಸಿರಾಖ 3:14). ಒಬ್ಬರೇ ಹೊರಲಾರದ ಭಾರವಿದ್ದರೆ ಬೇರೆಯವರ ಸಹಾಯ ಪಡೆಯುವುದೂ ತಪ್ಪಲ್ಲ. ಮನೆಯಲ್ಲಿ ಆಗದೆ ವೃದ್ಧಾಶ್ರಮಕ್ಕೆ ಸೇರಿಸಬೇಕಾದವರನ್ನು ದೇವಾಲಯದ ಅಂಗಳದಲ್ಲಿ ನಿಂತು ಆಡಿಕೊಳ್ಳುವುದು ತಪ್ಪು. ಸಂತ ಜೀನ್ ಜೂಗಾನ್ 1839ರಲ್ಲಿ ಕಣ್ಣು ಕಾಣದ ಒಬ್ಬ ಮುದುಕಿಗೆ ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟು ಆರಂಭಿಸಿದ ಬಡವರ ಕಿರಿಯ ಸಹೋದರಿಯರ ಸಭೆ, ಇಂಥ ಆಶ್ರಮಗಳು ಧರ್ಮಸಭೆಯದೇ ಸೇವೆಯೆಂಬುದಕ್ಕೆ ಸಾಕ್ಷಿ. ಸೇರಿಸಿದ ಮೇಲೆ ಹೋಗಿ ನೋಡದಿರುವುದು ಮಾತ್ರ ಕಟ್ಟಳೆಯ ಉಲ್ಲಂಘನೆ.

ಪುಸ್ತಕದ ಕೊನೆಯಲ್ಲಿ ಚಿತ್ರಗಳ ರೀತಿಯೇ ಬದಲಾಗುತ್ತದೆ. ನಗೆಚಿತ್ರಗಳು ನಿಂತು, ಹಾಸಿಗೆ ಹಿಡಿದ ತಾಯಿಯ ಮುಖವನ್ನು ಇದ್ದದ್ದು ಇದ್ದಂತೆ ಬರೆದ ರೇಖಾಚಿತ್ರಗಳು ಬರುತ್ತವೆ. ತೆರೆದ ಬಾಯಿ, ಮುಚ್ಚಿದ ಕಣ್ಣು, ದಿಂಬಿನ ಮೇಲೆ ಬಾಡಿದ ತಲೆ. ಮಾತು ಮುಗಿದಿತ್ತು. ಮಗಳು ಪಕ್ಕದಲ್ಲಿ ಕುಳಿತು ತನಗೆ ಬಂದ ಒಂದೇ ಕೆಲಸ ಮಾಡಿದರು. ನಮಗೆ ಚಿತ್ರ ಬರೆಯಲು ಬಾರದಿರಬಹುದು, ಜಪಸರ ಹೇಳಲು ಬರುತ್ತದೆ. ಶಿಲುಬೆಯ ಬುಡದಲ್ಲಿ ಮಾತೆ ಮರಿಯಮ್ಮನವರಿಗೂ ಮಾಡಲು ಬೇರೇನೂ ಇರಲಿಲ್ಲ. ಅವರು ಅಲ್ಲಿ ನಿಂತಿದ್ದರು.

ಆ ತಂದೆತಾಯಿಯ ಚಿತಾಭಸ್ಮವನ್ನು ಮಗಳು ತನ್ನ ಮನೆಯ ಕಪಾಟಿನಲ್ಲಿ ಇಟ್ಟುಕೊಂಡರು. ಎಲ್ಲಿಡಬೇಕೆಂದು ಅವರಿಗೆ ತೋಚಲಿಲ್ಲ. ಅದು ಅವರ ನೋವು, ಅದನ್ನು ನಾವು ತೂಗುವುದು ಬೇಡ. ನಮಗಾದರೋ ಧರ್ಮಸಭೆ ಒಂದು ಜಾಗ ತೋರಿಸಿಕೊಟ್ಟಿದೆ. ಶವವನ್ನು ಹೂಳಿದರೂ ಸುಟ್ಟರೂ ಅವಶೇಷವನ್ನು ಮನೆಯಲ್ಲಿರಿಸದೆ ಪವಿತ್ರ ಸ್ಥಳದಲ್ಲಿ ಇರಿಸಬೇಕೆಂದು ವ್ಯಾಟಿಕನ್ 2016ರಲ್ಲಿ ಮತ್ತೆ ನೆನಪಿಸಿತು. ಸತ್ತವರು ಒಂದು ಮನೆಯ ಸ್ವತ್ತಾಗದೆ ಇಡೀ ಧರ್ಮಕೇಂದ್ರದ ಪ್ರಾರ್ಥನೆಯಲ್ಲಿ ಉಳಿಯಲಿ ಎಂಬುದೇ ಅದರ ಆಶಯ. ನವೆಂಬರ್ 2ರಂದು ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುವಾಗ ನಾವು ಮಾಡುವುದು ಅದನ್ನೇ. ಅವರು ಪುನರುತ್ಥಾನಕ್ಕಾಗಿ ಕಾದಿದ್ದಾರೆಂಬುದು ನಮ್ಮ ವಿಶ್ವಾಸ.

ಈ ಹಬ್ಬದ ಮಧ್ಯಾಹ್ನ

ಪ್ರಿಯರೇ, ಪವಿತ್ರ ಕುಟುಂಬದ ಹಬ್ಬದ ದಿನ ಬಲಿಪೂಜೆ ಮುಗಿಸಿ ಮನೆಗೆ ಬಂದು, ಊಟ ಮಾಡಿ, ದೂರದ ಊರಿನಿಂದ ಬಂದ ಮಕ್ಕಳೂ ಮೊಮ್ಮಕ್ಕಳೂ ಕೂತಿರುವಾಗ, ಮನೆಯ ಹಿರಿಯರನ್ನು ಮೆಲ್ಲಗೆ ಕೇಳೋಣ. ಕಾಯಿಲೆ ಹೆಚ್ಚಾದರೆ ನಿಮಗೆ ಎಲ್ಲಿರಲು ಇಷ್ಟ? ಯಾವ ಚಿಕಿತ್ಸೆ ಸಾಕು ಎನಿಸುತ್ತದೆ? ನಿಮ್ಮ ಪರವಾಗಿ ಯಾರು ಮಾತನಾಡಲಿ? ಗುರುಗಳನ್ನು ಯಾವಾಗ ಕರೆಸಲಿ? ಯಾರೊಂದಿಗಾದರೂ ರಾಜಿಯಾಗುವುದು ಬಾಕಿ ಇದೆಯೇ? ಮೊದಲ ಸಲ ಅವರು ಬಿಡ್ತು ಅನ್ನು ಎಂದಾರು. ಎರಡನೆಯ ಸಲ ನಕ್ಕಾರು. ಮೂರನೆಯ ಸಲ ಹೇಳಿಯಾರು. ಹಿರಿಯರೇ, ಮಕ್ಕಳು ಕೇಳದಿದ್ದರೆ ನೀವೇ ಕರೆದು ಹೇಳಿ. ನೀವು ಹೇಳಿದ್ದನ್ನು ಮಾಡಿದೆವೆಂಬ ಸಮಾಧಾನವನ್ನು ಅವರಿಗೆ ಬಿಟ್ಟುಹೋಗಿ.

ಸಂತ ಜೋಸೆಫರನ್ನು ಧರ್ಮಸಭೆ ಒಳ್ಳೆಯ ಮರಣದ ಪಾಲಕರೆಂದು ಕರೆಯುತ್ತದೆ. ಒಂದು ಬದಿಯಲ್ಲಿ ಯೇಸು, ಇನ್ನೊಂದು ಬದಿಯಲ್ಲಿ ಮರಿಯಮ್ಮನವರು ಇರುವಾಗ ಅವರು ಕಣ್ಣುಮುಚ್ಚಿದರೆಂಬುದು ಪುರಾತನ ನಂಬಿಕೆ. ನಮ್ಮ ಹಿರಿಯರಿಗೂ, ಸಮಯ ಬಂದಾಗ ನಮಗೂ, ಅಂಥ ಕೈಗಳ ನಡುವೆ ಹೊರಡುವ ಭಾಗ್ಯ ಸಿಗಲೆಂದು ಪವಿತ್ರ ಕುಟುಂಬದ ಮುಂದೆ ಬೇಡಿಕೊಳ್ಳೋಣ. ಆಮೆನ್.